ಪತ್ರಿ ಗಿಡದ ನೀರಡಿಕೆ

ನೀರಡಿಸಿದ ಗಿಡ ಅಳುತ್ತದೆ ಎಂಬ ಮಾತನ್ನು ಕಲ್ಲಹಂಗರಗಿಯ ಜನ ಮೊದಮೊದಲು ನಂಬಲಿಲ್ಲ. ಬಿಸಿಲಿಗೆ ಎಲೆ ಬಾಡುವುದನ್ನು ಅವರು ಕಂಡಿದ್ದರು, ಅಳುವುದನ್ನು ಕೇಳಿರಲಿಲ್ಲ. ಮನುಷ್ಯನ ಕಿವಿಗೆ ಕೇಳುವಂಥ ಅಳುವೂ ಅದಲ್ಲ. ಗಿಡದ ಮೈಯೊಳಗೆ ಕೂದಲಿಗಿಂತ ಸಣ್ಣ ಕೊಳವೆಗಳಿವೆ. ಬೇರಿನಿಂದ ಎಲೆಯ ತುದಿಯವರೆಗೆ ನೀರು ಅವುಗಳಲ್ಲಿ ಒಂದೇ ಎಳೆಯಾಗಿ ಏರುತ್ತದೆ. ಬೇರಿನಿಂದ ನೀರು ಬರುವುದು ಸಾಲದಾದಾಗ ಆ ಎಳೆ ಬಿಗಿಯುತ್ತ ಬಿಗಿಯುತ್ತ ಕಡೆಗೆ ಪಟ್ಟನೆ ಹರಿಯುತ್ತದೆ. ಹರಿದಾಗ ಒಂದು ಸಣ್ಣ ಸದ್ದು. ಆ ಸದ್ದನ್ನು ಹಿಡಿಯಲು ಬೆರಳುದ್ದದ ಒಂದು ಹಿತ್ತಾಳೆಯ ಕಡ್ಡಿ ಬಂತು. ಜನ ಅದನ್ನು ಗಿಡಗಿವಿ ಎಂದು ಕರೆದರು.

ಆಗ ಆ ಸೀಮೆಯ ಬಿಸಿಲು ಐವತ್ತು ಡಿಗ್ರಿಯನ್ನು ಮುಟ್ಟಿ ಬರುತ್ತಿತ್ತು. ವೈಶಾಖದಲ್ಲಿ ಕಾಗಿಣಾ ಹೊಳೆಯ ಮಡುವುಗಳಲ್ಲಿ ಮೊಣಕಾಲಷ್ಟು ನೀರು ನಿಂತರೆ ಅದೇ ಪುಣ್ಯ. ಅಂಗಳದಲ್ಲಿ ಒಂದು ಗಿಡದ ನೆರಳಿದ್ದರೆ ಮನೆಯೊಳಗಿನ ಮುದುಕರೂ ಕೂಸುಗಳೂ ಬದುಕುತ್ತಾರೆ, ಇಲ್ಲದಿದ್ದರೆ ಇಲ್ಲ ಎಂಬುದನ್ನು ಎರಡು ಕೆಟ್ಟ ಬೇಸಿಗೆಗಳು ಕಲಿಸಿಹೋಗಿದ್ದವು. ಅದಕ್ಕೇ ಮನೆಗೊಂದು ಗಿಡ, ಗಿಡಕ್ಕೊಂದು ಗಿಡಗಿವಿ ಎಂಬ ಕಾಯ್ದೆಯಾಯಿತು. ಹಳೆಯ ನೀರಿನ ಟಾಕಿಯ ಕೆಳಗೆ ನೆರಳು ಕಚೇರಿ ಎಂಬುದು ತೆರೆಯಿತು. ಯಾವ ಗಿಡ ಎಷ್ಟು ಅತ್ತಿತು ಎಂದು ಅಲ್ಲಿನ ಯಂತ್ರ ಎಣಿಸುವುದು. ಹೆಚ್ಚು ಅತ್ತ ಗಿಡದ ಕೊಳವೆ ತಾನೇ ಬಾಯಿ ತೆರೆದು ಬುಡಕ್ಕೆ ನೀರು ಬಿಡುವುದು. ಇದ್ದ ನೀರನ್ನು ಅಧಿಕಾರಿಗಳಲ್ಲ, ಗಿಡಗಳ ಅಳುವೇ ಹಂಚುತ್ತಿತ್ತು.

ಜನ ಇದಕ್ಕೂ ಒಗ್ಗಿದರು. ಹುಲ್ಲುಹಾಸು ಬೆಳೆಸುತ್ತಿದ್ದವರು ಅದನ್ನು ಕಿತ್ತರು. ಹೆಣ್ಣು ಕೇಳಲು ಬಂದ ಬೀಗರು, "ನಿಮ್ಮ ಅಂಗಳದ ಗಿಡ ಭಾಳ ಅಳ್ತದೇನ್ರಿ?" ಎಂದು ವಿಚಾರಿಸುವುದು ವಾಡಿಕೆಯಾಯಿತು. ಓಣಿಯ ಹೆಂಗಸರು ಜಗಳಕ್ಕೆ ನಿಂತರೆ, "ನಿಮ್ಮ ನಿಂಬಿ ಗಿಡ ನಿಮ್ಮಂಗೇ, ಕುಂತಲ್ಲೇ ಅತ್ತು ಅತ್ತು ಓಣಿ ನೀರೆಲ್ಲ ಕುಡೀತದ" ಎಂದು ಹಂಗಿಸುತ್ತಿದ್ದರು. ಕಾಯ್ದೆಯಲ್ಲಿ ಒಂದು ಕಠಿಣ ಮಾತೂ ಇತ್ತು. ಮೂರು ತಿಂಗಳು ಎಡೆಬಿಡದೆ ಅತ್ತ ಗಿಡ ಕಚೇರಿಯ ಗೋಡೆಯ ನಕ್ಷೆಯಲ್ಲಿ ಕೆಂಪಾಗುತ್ತದೆ. ಕೆಂಪಾದುದನ್ನು ಕಡಿದು ಅಲ್ಲಿ ನೀರು ಬೇಡದ ತಂಗಟಿ ಗಿಡ ನೆಡುತ್ತಾರೆ. ಕ್ರೂರವೆನ್ನಲು ಬಾಯಿ ಬಾರದು. ಅಂಥ ಒಂದು ಗಿಡ ಓಣಿಯ ನಾಲ್ಕು ಗಿಡಗಳ ನೀರು ಕುಡಿದಿರುತ್ತದೆ.

ಆ ಊರಿನ ಅಡಿವೆಪ್ಪ ನೆಲಕ್ಕೆ ಫರಸಿ ಕಲ್ಲು ಹಾಸುವುದರಲ್ಲಿ ಹೆಸರಾದವನು. ಎಪ್ಪತ್ತೆರಡು ವರ್ಷ. ಊರಿನ ಅರ್ಧ ಅಂಗಳಗಳಿಗೆ ಕಲ್ಲು ಹಾಸಿದ್ದು ಅವನ ಕೈ. ಕಲ್ಲು ಕೂಡಿಸಿದ ಮೇಲೆ ಸುತ್ತಿಗೆಯ ಹಿಡಿಯಿಂದ ತಟ್ಟಿ ಕಿವಿಗೊಡುವನು. ಗಟ್ಟಿ ಕೂತ ಕಲ್ಲಿನ ಸದ್ದು ಒಂದು, ಕೆಳಗೆ ಟೊಳ್ಳಿದ್ದ ಕಲ್ಲಿನದು ಇನ್ನೊಂದು. ಟೊಳ್ಳೆಂದರೆ ಮಾಡಿದ ಕೆಲಸವನ್ನೇ ಕಿತ್ತು ಮತ್ತೆ ಕೂಡಿಸುವನು. ಅಂಗಳದಲ್ಲಿ ಅಂಗೈ ಅಗಲ ಮಣ್ಣು ಕಂಡರೂ ಅವನಿಗೆ ನಾಚಿಕೆ.

ಅವನ ಹೆಂಡತಿ ಗುರಸಿದ್ದವ್ವ ಮೂವತ್ತು ವರ್ಷ ಒಂದೇ ಬೇಡಿಕೆ ಇಟ್ಟಿದ್ದಳು: "ಒಂದು ನಾಕು ಕಲ್ಲು ತಗೀರಿ. ಮಣ್ಣು ಉಸರಾಡ್ಲಿ." ಅವನು ತೆಗೆಯಲಿಲ್ಲ. ಮದುವೆಯಾದ ಹೊಸತರಲ್ಲಿ ಅವಳು ತವರಿನಿಂದ ತಂದ ಬಿಲ್ವಪತ್ರಿಯ ಸಸಿಗೆ ಮಾತ್ರ ಅಂಗಳದ ನಡುವೆ ಒಂದು ಮೊಳ ಜಾಗ ಬಿಟ್ಟುಕೊಟ್ಟಿದ್ದ, ಅದೂ ಶಿವಪೂಜೆಯ ಗಿಡವೆಂದು. ಆ ಸಸಿ ಮನೆಯ ಮಾಳಿಗೆಯನ್ನು ಮೀರಿ ಬೆಳೆಯಿತು. ಗಿಡಗಿವಿ ಬಂದ ಮೇಲೆ ಹನ್ನೆರಡು ವರ್ಷ ನಕ್ಷೆಯಲ್ಲಿ ಹಸಿರಾಗಿಯೇ ಇತ್ತು. "ಕಲ್ಲು ಹಾಸಿದ ಅಂಗಳದಾಗ ಗಿಡ ಹ್ಯಾಂಗ ನಿಂತದ ನೋಡ್ರಿ" ಎಂದು ಅಡಿವೆಪ್ಪ ಬಂದವರಿಗೆಲ್ಲ ತೋರಿಸುತ್ತಿದ್ದ.

ಹೋದ ಕಾರ್ತಿಕದಲ್ಲಿ ಗುರಸಿದ್ದವ್ವ ಲಿಂಗೈಕ್ಯಳಾದಳು. ಮೂರು ದಿನದ ಜ್ವರ, ಅಷ್ಟೇ. ನಲವತ್ತೈದು ವರ್ಷ ಮಾತಾಡಿದವಳು ಮಾತು ನಿಲ್ಲಿಸಿದರೆ ಮನೆ ಹೇಗಿರುತ್ತದೆ ಎಂಬುದು ಅನುಭವಿಸಿದವರಿಗೇ ಗೊತ್ತು. ದುಃಖ ಬಂದಾಗ ಮನುಷ್ಯ ತಾನು ಬಲ್ಲ ಕೆಲಸವನ್ನೇ ಹಿಡಿಯುತ್ತಾನೆ. ಅಡಿವೆಪ್ಪ ಮಾರ್ಗಶಿರದಲ್ಲಿ ಗಾರೆ ಮೆತ್ತುವ ಥಾಪಿ ಹಿಡಿದು, ಅವಳ ನೆನಪಿಗೆಂದು ಪತ್ರಿ ಗಿಡದ ಸುತ್ತ ಸೊಂಟದೆತ್ತರದ ಕಟ್ಟೆ ಕಟ್ಟಿದ. ನಾಲ್ಕು ವರಸೆ ಕಲ್ಲು, ಸಂದಿಗೆಲ್ಲ ಸಿಮೆಂಟು, ಒಳಗೆ ಬುಡ ಮುಚ್ಚುವಂತೆ ಕರಿ ಎರೆಮಣ್ಣು. ಕಚೇರಿಯ ಕೊಳವೆಯ ಬಾಯನ್ನೂ ಎತ್ತಿ ಕಟ್ಟೆಯೊಳಗೇ ಇಟ್ಟ. ಅವಳು ಓಡಾಡಿದ ಅಂಗಳವೆಂದು ಹಳೆಯ ಕಲ್ಲುಗಳನ್ನೆಲ್ಲ ತಟ್ಟಿ ನೋಡಿ, ಅಲುಗುತ್ತಿದ್ದವನ್ನು ಗಟ್ಟಿ ಮಾಡಿದ.

ಅಂದಿನಿಂದ ದಿನವೂ ಮುಂಜಾನೆ ಮಿಂದು ಕಟ್ಟೆಯ ಮೇಲೆ ಕುಳಿತು, ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ಮೂರೆಲೆಯ ಪತ್ರಿ ಏರಿಸಿ ಪೂಜೆ ಮಾಡುವನು. ಪೂಜೆಯ ನೀರು ಯಾರ ಕಾಲಿಗೂ ಸಿಗಬಾರದೆಂದು ಗಿಡದ ಬುಡಕ್ಕೆ ಎರೆಯುವನು. ತನ್ನ ಪಾಲಿನ ಕುಡಿಯುವ ನೀರಿನಲ್ಲೂ ಒಂದು ತಂಬಿಗೆ ಅದಕ್ಕೇ. ಗಿಡ ಅಳತೊಡಗಿದ್ದು ಆಮೇಲೆ.

ಅದು ಅಳುತ್ತಿರುವುದು ಮನೆಯಲ್ಲಿ ಗೊತ್ತೇ ಇತ್ತು. ಕೆಂಪಾದ ಸುದ್ದಿಯನ್ನು ತಂದವಳು ಮಗಳು ಜಗದೇವಿ. ಮದುವೆ ಒಲ್ಲೆನೆಂದು ತವರಿನಲ್ಲೇ ಉಳಿದ ಅವಳಿಗೆ ನೆರಳು ಕಚೇರಿಯಲ್ಲಿಯೇ ಕೆಲಸ. ಅಂದು ಮಂಗಳವಾರ ಸಂಜೆ ತಾಟಿಗೆ ರೊಟ್ಟಿ ಹಾಕಿ, ಪುಂಡಿ ಪಲ್ಯ ಬಡಿಸಿ, ಎದುರು ಕುಳಿತಳು.

"ಅಪ್ಪಾ, ಊಟ ಆಗ್ಲಿ, ಒಂದು ಮಾತು ಹೇಳ್ತೀನಿ."

"ಮೊದ್ಲೇ ಹೇಳು. ನಿನ್ನ ಮಾರಿ ನೋಡಿದ್ರ ರೊಟ್ಟಿ ಇಳಿಯಂಗಿಲ್ಲ."

"ನಮ್ಮ ಪತ್ರಿ ಗಿಡ ಕೆಂಪಿಗಿ ಬಂದದ. ಮೂರು ತಿಂಗಳು ತುಂಬ್ತು. ಬರೋ ಸೋಮವಾರ ಕಡೀಲಾಕ ಬರ್ತಾರ."

"ಯಾರು ಬರ್ತಾರ?"

"ಕಚೇರಿಯವರು."

"ಕಚೇರಿ ಅಂದ್ರ ನೀನೇ ಅಲ್ಲೇನು?"

ಜಗದೇವಿ ತಲೆ ಬಗ್ಗಿಸಿದಳು. ಕೆಂಪು ಚುಕ್ಕೆಗಳ ಪಟ್ಟಿ ತಯಾರಿಸುವ ಕೆಲಸ ಅವಳದೇ. ಸ್ವಂತ ಅಂಗಳದ ಹೆಸರನ್ನು ಆ ದಿನ ತಾನೇ ಬರೆದು ಬಂದಿದ್ದಳು.

"ನಾ ಏನು ಅದಕ ನೀರು ಕಡಿಮಿ ಮಾಡೀನೇನು?" ಎಂದ ಅಡಿವೆಪ್ಪ.

"ಅದೇ ತಿಳೀವಲ್ದು. ಕಚೇರಿ ನೀರು ದಿನಾ ಬರ್ಲತ್ತದ, ನೀನೂ ಹಾಕ್ಲತ್ತಿ. ಎಷ್ಟು ಕೊಟ್ರೂ ಅಳ್ತದ."

"ನನಗ ತಿಳದದ. ನಿಮ್ಮವ್ವ ಹೋದಾಳಂತ ಅಳ್ತದ. ಹಚ್ಚಿದವಳು ಅವಳಲ್ಲೇನು? ನಾನೂ ಅಳ್ತೀನಲ್ಲ. ಹಂಗಂತ ನನ್ನ ಕಡೀತಾರೇನು?"

ರೊಟ್ಟಿ ತಾಟಿನಲ್ಲೇ ಆರಿತು. ಈ ಮೂರು ತಿಂಗಳೂ ಅಡಿವೆಪ್ಪನಿಗೆ ಇದ್ದ ಸಮಾಧಾನ ಅದೊಂದೇ. ಮನೆಯಲ್ಲಿ ಅವಳಿಗಾಗಿ ಅಳುವ ಇನ್ನೊಂದು ಜೀವವಿದೆ ಎಂಬುದು. ಅದನ್ನೂ ಕಡಿದು ಒಯ್ಯುವರಲ್ಲ, ಶಿವನೇ, ಎಂದು ಅವನು ಗೋಡೆಗೆ ಒರಗಿದ.

ಮರುದಿನ ಬೆಳಿಗ್ಗೆ ಪೂಜೆ ಮುಗಿಸಿ ಗೋಡೆಯಾಚೆ ನೋಡಿದ. ಅಲ್ಲಿ ಲಾಲಅಹ್ಮದ್ ಮಣೆಯ ಮೇಲೆ ಕುಳಿತಿದ್ದ. ಕಲ್ಲಿನ ಗಣಿಯಲ್ಲಿ ಅವನೊಡನೆ ಮೂವತ್ತು ವರ್ಷ ದುಡಿದ ಗೆಳೆಯ. ಅವನ ಅಂಗಳಕ್ಕೆ ಕಲ್ಲಿಲ್ಲ. ಬೇವಿನ ಎಲೆ ಉದುರಿ, ಅದರ ಮೇಲೆ ಮತ್ತೆ ಉದುರಿ, ನೆಲ ಹಾಸಿಗೆಯಂತೆ ಮೆತ್ತಗಿತ್ತು. ಲಾಲಅಹ್ಮದನ ಮಗಳ ಮದುವೆಗೆಂದು ಅಡಿವೆಪ್ಪ ಪುಕ್ಕಟೆ ಕಲ್ಲು ಹಾಸಿಕೊಡುತ್ತೇನೆಂದಾಗಲೂ, "ಬ್ಯಾಡಪ್ಪ, ಬೀಗರ ಕಾಲು ಸುಟ್ಟಾವು" ಎಂದವನು ಅವನು.

"ಏನೋ ಲಾಲ್ಯಾ, ಕಸದಾಗ ಕುಂತಿ?"

"ನಿನ್ನ ಹೆಂಚಿನ ಮ್ಯಾಲ ಕುಂತು ರೊಟ್ಟಿಯಂಗ ಬೇಯೋದಕಿಂತ ಛಲೋ ಅದ ಬಿಡು" ಎಂದ ಲಾಲಅಹ್ಮದ್. ಆಮೇಲೆ ಗೆಳೆಯನ ಮುಖ ನೋಡಿ ದನಿ ಇಳಿಸಿದ. "ಜಗದೇವಿ ಹೇಳ್ದಳು. ಕೇಳಿ ನಂದೂ ಎದಿ ಒಡೀತು."

"ನಿನ್ನ ಬೇವಿಗಿ ಕಚೇರಿ ನೀರು ಎಷ್ಟು ಬರ್ತದ?"

"ಬರಂಗೇ ಇಲ್ಲ. ಕೊಳವಿ ಬಾಯಾಗ ಜ್ಯಾಡ ಮನಿ ಕಟ್ಟ್ಯದ."

"ಹಂಗಾರ ನೀ ಏನು ಹಾಕ್ತಿ?"

"ನಾ ಏನು ಹಾಕ್ಲಿ? ನಮಾಜಿಗಿ ಮೊದ್ಲು ಕೈಕಾಲು ಮಾರಿ ತೊಳೀತೀನಿ. ಐದು ಹೊತ್ತು, ಹೊತ್ತಿಗಿ ಒಂದು ತಂಬಗಿ. ಹೊಳಿ ದಂಡ್ಯಾಗ ಕುಂತ್ರೂ ನೀರು ಹಿಡದು ಬಳಸಂತ ನಮ್ಮ ಹಿರ್ಯಾರ ಮಾತು. ಆ ನೀರು ಬಿದ್ದಷ್ಟೇ."

"ಬುಡಕ್ಕೇನು?"

"ಬುಡದಾಗ ಇರವಿ ಗೂಡು ಅದ, ಅಲ್ಲಿ ಕುಂತ್ರ ನಮಾಜು ತಪ್ತದ." ಅವನು ನಕ್ಕ. "ನೆರಳಿನ ಅಂಚಿಗಿ ಕೂಡ್ತೀನಿ. ಮುಂಜಾನಿ ಪಡುವಣಕ್ಕ, ಸಂಜಿಗಿ ಮೂಡಣಕ್ಕ. ನೆರಳು ತಿರುಗಿದಂಗ ನನ್ನ ಮಣಿನೂ ತಿರುಗ್ತದ."

ಅಡಿವೆಪ್ಪ ಅದನ್ನು ಕೇಳಿದ, ಆದರೆ ಆ ಹೊತ್ತಿಗೆ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಅವನ ತಲೆಯಲ್ಲಿ ಬೇರೆ ವಿಚಾರವಿತ್ತು. ಪಂಚೆ ಉಟ್ಟು, ರುಮಾಲು ಸುತ್ತಿ, ಮಗಳ ಬೆನ್ನಿಗೆ ಕಚೇರಿಗೆ ನಡೆದ.

ಕಚೇರಿಯ ನೆಲವೂ ಅವನು ಹಾಸಿದ್ದೇ. ಎದುರು ಗೋಡೆಯ ತುಂಬ ಊರಿನ ನಕ್ಷೆ, ಮನೆಗೊಂದು ಚುಕ್ಕೆ. ಹಸಿರು ನೂರಾರು, ಹಳದಿ ಹತ್ತಾರು, ಕೆಂಪು ಹನ್ನೆರಡು. ಹಿರಿಯ ಅಧಿಕಾರಿ ಮಂದಾಕಿನಿಬಾಯಿ ಎದ್ದು ನಿಂತು ಕುರ್ಚಿ ಕೊಟ್ಟಳು. ಒಳ್ಳೆಯ ಹೆಣ್ಣುಮಗಳು. ಗಿಡ ಕಡಿಸುವ ದಿನ ಒಂದು ಹೊತ್ತು ಉಣ್ಣುವುದಿಲ್ಲ ಎಂದು ಜನ ಆಡಿಕೊಳ್ಳುತ್ತಿದ್ದರು.

"ಯಜಮಾನ್ರ, ನಿಮ್ಮ ಮಗಳಿಗಿ ಹೇಳೀನಿ. ಕಾಯ್ದೆ ಒಬ್ಬರಿಗಿ ಬಿಟ್ರ ಎಲ್ಲರಿಗೂ ಬಿಡಬೇಕಾಗ್ತದ."

"ಕಾಯ್ದೆ ಬಿಡ್ರಿ ಅಂತ ಕೇಳ್ಲಾಕ ಬಂದಿಲ್ರಿ ಬಾಯಾರ. ಹೋಗೋದಕಿಂತ ಮೊದ್ಲು ಅದರ ಅಳು ಒಮ್ಮಿ ಕೇಳಬೇಕ್ರಿ."

ಮಂದಾಕಿನಿಬಾಯಿ ಜಗದೇವಿಯ ಮುಖ ನೋಡಿದಳು. ಅಲ್ಲಿ ಕೇಳುವ ಪದ್ಧತಿಯೇ ಇರಲಿಲ್ಲ. ಯಂತ್ರ ಸದ್ದುಗಳನ್ನು ಎಣಿಸಿ, ದಿನದ ಕೊನೆಗೆ ಒಂದು ಅಂಕಿ ಕೊಡುತ್ತಿತ್ತು. ಅಂಕಿಗೆ ತಕ್ಕ ಬಣ್ಣ, ಬಣ್ಣಕ್ಕೆ ತಕ್ಕ ನೀರು. ಹನ್ನೆರಡು ವರ್ಷದಲ್ಲಿ ಒಬ್ಬರೂ ಕಿವಿಗಿಟ್ಟು ಕೇಳಿರಲಿಲ್ಲ. ಜಗದೇವಿ ಕಪಾಟಿನೊಳಗಿಂದ ದೂಳು ಹಿಡಿದ ಕಿವಿಯಂತ್ರವೊಂದನ್ನು ಹುಡುಕಿ, ಸೆರಗಿನಿಂದ ಒರೆಸಿ, ತಂದೆಯ ರುಮಾಲು ಸರಿಸಿ ಕಿವಿಗಿಟ್ಟಳು. ಗಿಡದ ಸೂಕ್ಷ್ಮ ಸದ್ದನ್ನು ಯಂತ್ರ ಮನುಷ್ಯರ ಕಿವಿಗೆ ತಕ್ಕಂತೆ ಇಳಿಸಿಕೊಟ್ಟಿತು.

ಟಕ್. ಟಕ್ ಟಕ್. ಟಕ್.

ಅಡಿವೆಪ್ಪನ ಕಣ್ಣು ತುಂಬಿ ಬಂತು. ಅಳುವಿನಂತೆ ಕೇಳಲಿಲ್ಲ ಅದು, ದೂರದ ಗಣಿಯಲ್ಲಿ ಯಾರೋ ಒಬ್ಬರೇ ಕುಳಿತು ಉಳಿಯಿಂದ ಕಲ್ಲು ಕೆತ್ತುವಂತೆ ಕೇಳಿತು. ಬಹಳ ಹೊತ್ತು ಹಾಗೆಯೇ ಕುಳಿತ. ಆಮೇಲೆ, "ಲಾಲ್ಯಾಂದು ಹಚ್ಚು" ಎಂದ. ಬೇವಿನದೂ ಉಳಿಯ ಸದ್ದೇ. ಹೊರಗೆ ನಲವತ್ತೊಂಬತ್ತು ಡಿಗ್ರಿಯ ನಡುಹಗಲು. ಬೇವೂ ಜೋರಾಗಿಯೇ ಬಡಿಯುತ್ತಿತ್ತು.

ನೋಡಿದವರು ಮುದುಕನಿಗೆ ಹೊತ್ತು ಹೋಗಲೆಂದು ಬಿಟ್ಟರು. ಅವನು ಮಾತ್ರ ಊಟಕ್ಕೂ ಏಳಲಿಲ್ಲ. ಒಮ್ಮೆ ಇದನ್ನು ಹಚ್ಚು, ಒಮ್ಮೆ ಅದನ್ನು ಹಚ್ಚು ಎನ್ನುತ್ತ, ಕಣ್ಣು ಮುಚ್ಚಿ, ಎರಡು ಬೆರಳಿನಿಂದ ಮೇಜನ್ನು ತಟ್ಟುತ್ತ ಕುಳಿತ. ನಾಲ್ಕು ಗಂಟೆಗೆ ಪತ್ರಿ ಗಿಡದ ಕೊಳವೆ ತೆರೆದು ಒಂದು ತಾಸು ನೀರು ಹರಿಯಿತು. ಆರಕ್ಕೆ ಹೊತ್ತು ಇಳಿಯಿತು. ಏಳಕ್ಕೆ ಅವನು ಕಿವಿಯಂತ್ರ ತೆಗೆದಿಟ್ಟ.

"ಬಾಯಾರ, ಕಲ್ಲು ಕೂಡಿಸಿದ ಮ್ಯಾಲ ನಾವು ತಟ್ಟಿ ನೋಡ್ತೀವ್ರಿ. ಎಷ್ಟು ಸಲ ಸದ್ದಾಯ್ತು ಅಂತ ಎಣಸಂಗಿಲ್ಲ. ಯಾವಾಗ, ಹ್ಯಾಂಗ ಸದ್ದಾಯ್ತು ಅಂತ ಕೇಳ್ತೀವಿ."

"ಅಂದ್ರ?"

"ಲಾಲ್ಯಾನ ಬೇವು ಬಿಸಲಾಗ ಬಡೀತು, ಹೊತ್ತು ಇಳದಂಗ ಸುಮ್ಮನಾಯ್ತು. ಈಗ ನಿದ್ದಿ ಮಾಡ್ಲತ್ತದ. ನಮ್ಮದು ಬಿಸಲಾಗೂ ಅಷ್ಟೇ, ತಂಪಿನಾಗೂ ಅಷ್ಟೇ. ನೀರು ಬಿಟ್ಟ ಮ್ಯಾಲ ಕಡಿಮಿ ಆಗಬೇಕಿಲ್ರಿ? ಒಂದು ತಾಸಿನಾಗ ಹೆಚ್ಚಾಯ್ತು. ನೀರಡಿಸಿದವರು ನೀರು ಕುಡದು ಅಳ್ತಾರೇನ್ರಿ?"

ಮಂದಾಕಿನಿಬಾಯಿ ಯಂತ್ರದ ಬಳಿಗೆ ಬಂದಳು. "ಜಗದೇವಿ, ಹೋದ ವರ್ಷದ್ದು ತಗೀ. ದಿನದ್ದಲ್ಲ, ತಾಸು ತಾಸಿಂದು" ಎಂದಳು.

ಯಂತ್ರದ ಹೊಟ್ಟೆಯಲ್ಲಿ ಅದೆಲ್ಲ ಇತ್ತು. ಕೇಳಿದವರು ಇರಲಿಲ್ಲ ಅಷ್ಟೇ. ಪರದೆಯ ಮೇಲೆ ಗೆರೆಗಳು ಬಂದವು. ಕಾರ್ತಿಕದವರೆಗೆ ಪತ್ರಿ ಗಿಡ ಹಗಲು ಸ್ವಲ್ಪ ಬಡಿದು ಸಂಜೆಗೆ ಶಾಂತವಾಗುತ್ತಿತ್ತು. ಮಾರ್ಗಶಿರ ಕಳೆದ ಮೇಲೆ ಆ ಸಂಜೆಯ ಶಾಂತಿ ಕಡಿಮೆಯಾಗುತ್ತ ಬಂದು, ಈ ಮೂರು ತಿಂಗಳು ಹಗಲಿಗೂ ಇರುಳಿಗೂ ಭೇದವಿಲ್ಲ.

"ಬೇರಿಗೂ ಗಾಳಿ ಬೇಕ್ರಿ ಯಜಮಾನ್ರ" ಎಂದಳು ಮಂದಾಕಿನಿಬಾಯಿ. "ನಿಂತ ನೀರಾಗ ಅದು ಉಸರು ಕಟ್ಟಿ ಕೊಳೀತದ. ಕೊಳತ ಬೇರು ನೀರು ಎತ್ತಂಗಿಲ್ಲ. ಹಂಗಾಗಿ ಬುಡ ನೀರಾಗ ಮುಳುಗಿದ್ರೂ ಮ್ಯಾಲಿನ ಎಲಿ ನೀರಡಸ್ತದ. ನಮ್ಮ ಯಂತ್ರಕ್ಕ ಎರಡೂ ಒಂದೇ. ಅತ್ತಾಗೆಲ್ಲ ನೀರು ಬಿಡ್ತದ, ಬಿಟ್ಟಂಗೆಲ್ಲ ಬೇರು ಇನ್ನೂ ಕೊಳೀತದ." ಆಮೇಲೆ ಕೇಳಿದಳು: "ಮಾರ್ಗಶಿರದಾಗ ಬುಡಕ್ಕ ಏನು ಮಾಡಿದ್ರಿ?"

ಅಡಿವೆಪ್ಪ ರುಮಾಲು ತೆಗೆದು ತೊಡೆಯ ಮೇಲಿಟ್ಟ. ಜಗದೇವಿಯೇ ಹೇಳಿದಳು: "ಕಟ್ಟಿ ಕಟ್ಟಿದ್ರು ಮೇಡಂ. ಅವ್ವನ ನೆನಪಿಗಿ."

ಮಂದಾಕಿನಿಬಾಯಿ ಕಿಟಕಿಯ ಕಡೆ ತಿರುಗಿದಳು. ಬಳಿಕ ಮೆಲ್ಲಗೆ ಹೇಳಿದಳು: "ಪಟ್ಟಿ ಅಳಸೋದು ನನ್ನ ಕೈಯಾಗಿಲ್ಲ. ಆದ್ರ ಸೋಮವಾರದ ತನಕ ಗಿಡ ನಿಮ್ಮದು. ನೀವು ಹೂಂ ಅಂದ್ರ ಕೊಳವಿ ಬಂದ್ ಮಾಡ್ತೀನಿ. ಸೋಮವಾರ ಮುಂಜಾನಿ ಕೇಳೋಣು. ಹೊತ್ತು ಏರೋದ್ರಾಗ ಒಂದು ತಾಸು ಸುಮ್ಮನಾಗಿದ್ರ, ಗಿಡಕ್ಕ ಜೀವ ಅದಂತ ನಾ ಬರದು ಕೊಡ್ತೀನಿ. ನೀವು ಹೇಳಿದ್ದು ತಪ್ಪಾದ್ರ ಮಾತ್ರ, ಈ ಬಿಸಲಿಗಿ ನೀರಿಲ್ದ ಅದು ಸೋಮವಾರ ಕಾಣಂಗಿಲ್ಲ."

ಪತ್ರಿ ಗಿಡಕ್ಕೆ ನೀರು ನಿಲ್ಲಿಸಿರಿ ಎಂದು ಅವನೇ ಹೇಳಬೇಕು. ಶಿವನ ಗಿಡ, ಹೆಂಡತಿ ನೆಟ್ಟ ಗಿಡ. ಅಡಿವೆಪ್ಪ ಕೊರಳಿನ ಲಿಂಗವನ್ನು ಮುಟ್ಟಿಕೊಂಡು ಕುಳಿತ. ಕಡೆಗೆ, "ಬಂದ್ ಮಾಡ್ರಿ" ಎಂದ.

ಗುರುವಾರ ಮುಂಜಾನೆ ಪೂಜೆಯಾಯಿತು. ನೀರಿನ ತಂಬಿಗೆ ಕೈಯಲ್ಲಿ. ಕೈ ರೂಢಿಯಂತೆ ಬುಡದ ಕಡೆ ಹೋಯಿತು, ಅವನು ಹಿಂದಕ್ಕೆ ಎಳೆದುಕೊಂಡ. ತಂಬಿಗೆಯನ್ನು ಬದಿಗಿಟ್ಟು ಹಿತ್ತಿಲಿನಿಂದ ಹಾರೆ ತಂದ. ಕಟ್ಟೆಗೆ ಮೊದಲ ಏಟು ಹಾಕಿದ. ಸದ್ದು ಕೇಳಿ ಲಾಲಅಹ್ಮದ್ ಗೋಡೆ ಸುತ್ತಿ ಬಂದು, ಏನೂ ಕೇಳದೆ ಇನ್ನೊಂದು ಕಡೆಯಿಂದ ಕಲ್ಲು ಸರಿಸತೊಡಗಿದ. ಹೊತ್ತೇರುವ ಹೊತ್ತಿಗೆ ಕಟ್ಟೆ ಬಿತ್ತು. ಒಳಗಿನ ಎರೆಮಣ್ಣು ಹಳೆಯ ಗಟಾರದಂತೆ ನಾರಿತು. ಬುಡದ ತೊಗಟೆ ಕಪ್ಪಾಗಿ ಕೈಗೆ ಕಿತ್ತು ಬಂತು.

"ಲಾಲ್ಯಾ, ನಾ ನನ್ನ ಕೈಯಾರೆ ಇದರ ಕುತ್ತಿಗಿ ಒತ್ತೀನಿ" ಎಂದ ಅಡಿವೆಪ್ಪ.

"ತಿಳೀದೆ ಆದದ್ದು. ಮಣ್ಣು ತಗೀ, ಗಾಳಿ ಆಡ್ಲಿ. ಎಲ್ಲಾ ಬೇರು ಬುಡದಾಗೇ ಇರ್ತಾವೇನು? ನನ್ನ ಬೇವಿನ ಬೇರು ನಿನ್ನ ಗ್ವಾಡಿ ತನಕ ಬಂದಾವ. ನೆರಳು ಎಲ್ಲಿ ತನಕ ಬೀಳ್ತದೋ ಅಲ್ಲಿ ನೋಡು."

ಮಣೆ ತಿರುಗುವ ಮಾತು ಈಗ ಅಡಿವೆಪ್ಪನಿಗೆ ನಾಟಿತು. ಬುಡ ಒಣಗಬೇಕು, ಅಂಚು ನೆನೆಯಬೇಕು. ಅಂಚಿನ ಮೇಲೆಲ್ಲ ಅವನು ಹಾಸಿದ ಕಲ್ಲು. ಜೀವಮಾನವಿಡೀ ಕೂಡಿಸಿದವನು ಕೀಳುವುದಕ್ಕೆ ಬಾಗಿದ. ಮೂಡಣ ಮೂಲೆಯಲ್ಲಿ ಅಡುಗೆಮನೆಯ ಬಾಗಿಲಿಗೆ ಹತ್ತಿರದ ಕಲ್ಲಿನಿಂದ ಸುರು ಮಾಡಿದ. ಅದರ ಸಿಮೆಂಟು ಐದು ತಿಂಗಳದು, ಹೊಸತು ಬೇಗ ಬಿಡುತ್ತದೆ.

ಆ ಕಲ್ಲನ್ನು ಅವನು ಮರೆಯುವಂತಿರಲಿಲ್ಲ. ಮೂವತ್ತು ವರ್ಷ ಅದು ಅವನ ಮಾನ ಕಳೆದಿತ್ತು. ಎಷ್ಟು ಸಲ ಕೂಡಿಸಿದರೂ ತಿಂಗಳೊಪ್ಪತ್ತಿಗೆ ಮತ್ತೆ ಸಡಿಲಾಗುವುದು, ಕಾಲಿಟ್ಟರೆ ಡಬ್ ಎನ್ನುವುದು. "ಹೆಗ್ಗಣ ಎಬ್ಬಿಸ್ತದ" ಎಂದು ಅವನು ಸಿಡುಕಿದರೆ, ಗುರಸಿದ್ದವ್ವ, "ಹೌದ್ರಿ, ಹೆಗ್ಗಣಾನೇ ಇರಬೇಕು" ಎನ್ನುತ್ತಿದ್ದಳು. ಅವಳು ಹೋದ ಮೇಲೆ, ಅವಳ ಅಂಗಳದಲ್ಲಿ ಟೊಳ್ಳು ಕಲ್ಲು ಇರಬಾರದೆಂದು ಅದನ್ನು ನಾಲ್ಕೂ ಕಡೆ ಸಿಮೆಂಟು ತುಂಬಿ ಗಟ್ಟಿ ಮಾಡಿದ್ದ.

ಕಲ್ಲು ಎದ್ದಿತು. ಕೆಳಗೆ ಹೆಗ್ಗಣದ ಬಿಲವಿರಲಿಲ್ಲ. ಮೆತ್ತಗೆ, ಕಪ್ಪಗೆ, ಈಗ ತಳದವರೆಗೂ ಒಣಗಿದ ಮಣ್ಣು. ಅದರಲ್ಲಿ ಹಳೆಯ ಬೇಳೆಯ ಸಿಪ್ಪೆ, ಅಕ್ಕಿಯ ನುಚ್ಚು. ಅವುಗಳ ನಡುವೆ ಗಿಡದ ಸಣ್ಣ ಬೇರುಗಳು ಹೆಣೆದ ಜುಟ್ಟಿನಂತೆ ಒತ್ತಾಗಿ ಬಂದು ಸೇರಿದ್ದವು. ಇಡೀ ಅಂಗಳದ ಬೇರುಗಳೆಲ್ಲ ಕಲ್ಲಿನ ಕೆಳಗೆ ತೆವಳುತ್ತ ಆ ಒಂದು ಬಾಯಿಗೆ ಬಂದಿದ್ದವು. ಅಡಿವೆಪ್ಪ ಕಲ್ಲನ್ನು ತಿರುವಿ ಅಂಚು ನೋಡಿದ. ಅಂಚಿನ ತುಂಬ ಗೀರು. ಕಲ್ಲಿನ ಮೇಲಿನ ಗುರುತು ಓದಲು ಅವನಿಗೆ ಯಾರೂ ಕಲಿಸಬೇಕಿರಲಿಲ್ಲ. ಉಳಿಯದಲ್ಲ, ಹಾರೆಯದಲ್ಲ. ಒಲೆಯ ಚಿಮಟದ ಗೀರು. ಒಂದರ ಮೇಲೊಂದು, ಎಣಿಸಲಾಗದಷ್ಟು.

ಅವನು ಕೆಲಸಕ್ಕೆ ಹೋದ ಮೇಲೆ ಅವಳು ಚಿಮಟದಿಂದ ಕಲ್ಲು ಎಬ್ಬಿಸಿ, ಅಕ್ಕಿ ಬೇಳೆ ತೊಳೆದ ನೀರನ್ನು ಅಲ್ಲಿ ಸುರಿದು, ಮತ್ತೆ ಮುಚ್ಚಿಡುತ್ತಿದ್ದಳು. ಗಂಡನ ಕಲ್ಲಿನ ಮಾನವೂ ಉಳಿಯಬೇಕು, ಗಿಡದ ಜೀವವೂ ಉಳಿಯಬೇಕು. ಮೂವತ್ತು ವರ್ಷ ಗಿಡ ಅಳದೆ ನಿಂತದ್ದು ಅದರಿಂದ. ಅವಳು ಹೋದಳು, ಆ ಬಾಯಿಗೆ ನೀರು ತಪ್ಪಿತು. ನೀರು ತಪ್ಪಿದ ಬಾಯನ್ನು ಅವನು ಸಿಮೆಂಟಿನಿಂದ ಮುಚ್ಚಿದ.

ಅಡಿವೆಪ್ಪ ಆ ಕಲ್ಲನ್ನು ತೊಡೆಯ ಮೇಲೆ ಇಟ್ಟುಕೊಂಡು ಬಿಸಿಲಿನಲ್ಲೇ ಕುಳಿತ. ಹೆಂಡತಿ ಸತ್ತ ದಿನವೂ ಜನರೆದುರು ಅಳದವನು ಅಂದು ಲಾಲಅಹ್ಮದನ ಎದುರು ಅತ್ತ. ಲಾಲಅಹ್ಮದ್ ಹೆಗಲ ಮೇಲಿನ ವಸ್ತ್ರವನ್ನು ಅವನ ತಲೆಗೆ ಹೊದಿಸಿ, "ಅತ್ತಿಗಿ ಶ್ಯಾಣ್ಯಾಳಿದ್ದಳು" ಎಂದ.

ಬದಿಗಿಟ್ಟಿದ್ದ ಪೂಜೆಯ ತಂಬಿಗೆ ಹಾಗೆಯೇ ಇತ್ತು. ಅಡಿವೆಪ್ಪ ಎದ್ದು ಅದನ್ನು ತಂದು ಆ ಬೇರುಗಳ ಮೇಲೆ ಮೆಲ್ಲಗೆ ಎರೆದ.

ನಾಲ್ಕು ದಿನದಲ್ಲಿ ಇಬ್ಬರು ಮುದುಕರು, ಜೊತೆಗೆ ಕೆಲಸ ಬಿಟ್ಟು ಬಂದಾಗಲೆಲ್ಲ ಜಗದೇವಿ, ನೆರಳಿನ ಅಂಚಿನುದ್ದಕ್ಕೂ ಕಲ್ಲು ಕಿತ್ತರು. ಮಣ್ಣಿನ ಮೇಲೆ ಲಾಲಅಹ್ಮದನ ಅಂಗಳದ ಒಣ ಎಲೆ ತಂದು ಮೊಣಕೈ ದಪ್ಪ ಹೊದಿಸಿದರು. ಮನೆಯ ಪಾತ್ರೆ ತೊಳೆದ ನೀರು, ಮಿಂದ ನೀರು ಎಲ್ಲ ಅಂಚಿಗೆ ಹೋಯಿತು. ಬುಡಕ್ಕೆ ಹನಿಯಿಲ್ಲ. ಪಡುವಣದ ಕೊಂಬೆಯೊಂದರ ಎಲೆ ಸುರುಟಿ ಉದುರಿತು. ಓಣಿಯವರು ನಿಂತು ನೋಡಿ, "ಹೆಂಡ್ತಿ ಹೋದ ಮ್ಯಾಲ ಮುದುಕನ ತಲಿ ಕೆಟ್ಟದ" ಎಂದರು. ಭಾನುವಾರ ಸಂಜೆಯವರೆಗೂ ಕಚೇರಿಯ ಕಿವಿಯಂತ್ರದಲ್ಲಿ ಉಳಿ ಬಡಿಯುತ್ತಲೇ ಇತ್ತು.

ಸೋಮ‌ವಾರ ಬೆಳಕು ಹರಿಯುವ ಮುಂಚೆ ಜಗದೇವಿ ಕಚೇರಿಗೆ ಹೋದಳು. ಗರಗಸದವರು ಆರಕ್ಕೇ ಬಂದು ಬಾಗಿಲಲ್ಲಿ ನಿಂತರು. ಅಡಿವೆಪ್ಪ ಅವರನ್ನು ಕರೆದು ಕೂಡಿಸಿ ಚಹಾ ಕೊಟ್ಟ. ತಾನು ಗಿಡದ ಕೆಳಗೆ ಮಣ್ಣಿನ ಮೇಲೆ ಕುಳಿತು ಲಿಂಗಪೂಜೆ ಮುಗಿಸಿದ. ಏಳಕ್ಕೆ ಫೋನು ಬಂತು.

"ಜಗ್ಗವ್ವಾ, ಏನು ಕೇಳಸ್ಲತ್ತದ?"

ಮಗಳ ದನಿ ಬಂತು. "ಏನೂ ಇಲ್ಲಪ್ಪಾ. ಐದೂವರಿಯಿಂದ ಏನೂ ಇಲ್ಲ."

ಅವಳು ಕಿವಿಯಂತ್ರವನ್ನು ಫೋನಿಗೆ ಹಿಡಿದಳು. ಅಡಿವೆಪ್ಪ ಕೇಳಿದ. ಗುರಸಿದ್ದವ್ವ ಹೋದಂದಿನಿಂದ ಮನೆಯ ಮೌನ ಅವನನ್ನು ತಿನ್ನುತ್ತಿತ್ತು. ಈ ಮೌನವನ್ನು ಮಾತ್ರ ಅವನು ಗರಗಸದವರ ಚಹಾ ಮುಗಿಯುವವರೆಗೂ ಕಿವಿಗೊಟ್ಟು ಕೇಳಿದ.

ಗಿಡ ಪೂರ್ತಿ ಉಳಿಯಿತೆನ್ನಲಾರೆ. ಪಡುವಣದ ಕೊಂಬೆ ಒಣಗಿತು, ಅದನ್ನು ಕಡಿಯಲೇಬೇಕಾಯಿತು. ಉಳಿದದ್ದು ಮಳೆಗಾಲಕ್ಕೆ ಚಿಗುರಿತು. ಮಂದಾಕಿನಿಬಾಯಿ ಅಂದಿನಿಂದ ಕೆಂಪು ಪಟ್ಟಿಯ ಗಿಡಗಳನ್ನು ಕಡಿಸುವ ಮೊದಲು ತಾಸು ತಾಸಿನ ಗೆರೆ ನೋಡತೊಡಗಿದಳು, ವಾರಕ್ಕೊಮ್ಮೆ ತಾನೇ ಕುಳಿತು ಕೇಳತೊಡಗಿದಳು. ಉಳಿದ ಹನ್ನೊಂದು ಕೆಂಪು ಗಿಡಗಳಲ್ಲಿ ಏಳು ನೀರಿಲ್ಲದೆ ಅಲ್ಲ, ನೀರಿನಲ್ಲಿ ಮುಳುಗಿ ಅಳುತ್ತಿದ್ದವು. ಏಳಕ್ಕೂ ಭಕ್ತಿಯಿಂದ ಕಟ್ಟಿದ ಕಟ್ಟೆಯಿತ್ತು, ಅವುಗಳಲ್ಲಿ ಐದು ಅಡಿವೆಪ್ಪನ ಕೈಯವು. ಅವನು ಹಾರೆ ಹೆಗಲಿಗೇರಿಸಿ ಐದು ಮನೆಗಳಿಗೂ ಹೋಗಿ, ಕೈಮುಗಿದು, ತಾನು ಕಟ್ಟಿದ್ದನ್ನು ತಾನೇ ಕೆಡವಿ ಬಂದ.

ತನ್ನ ಅಂಗಳದಲ್ಲಿ ಮೂಡಣ ಮೂಲೆಯ ಆ ಒಂದು ಕಲ್ಲನ್ನು ಮಾತ್ರ ತಿರುಗಿ ಅದರ ಜಾಗಕ್ಕೇ ಇಟ್ಟ. ಸಿಮೆಂಟು ಹಾಕಲಿಲ್ಲ. ಅಡುಗೆಮನೆಯ ಚಿಮಟ ಬಾಗಿಲ ಮೂಲೆಯಲ್ಲಿ ನಿಂತಿರುತ್ತದೆ. ಅಕ್ಕಿ ತೊಳೆದ ನೀರನ್ನು ಈಗ ಅವನೇ ಒಯ್ಯುತ್ತಾನೆ.

ಶ್ರಾವಣದ ಮೊದಲ ಸೋಮವಾರ ಲಾಲಅಹ್ಮದ್ ಬಂದವನು ಆ ಕಲ್ಲಿನ ಮೇಲೆ ಕಾಲಿಟ್ಟ. ಡಬ್ ಎಂದಿತು.

"ಅಡಿವೆಪ್ಪಾ, ನಿನ್ನ ಅಂಗಳದಾಗ ಒಂದು ಕಲ್ಲು ಟೊಳ್ಳು ಅದಲ್ಲೋ."

ಅಡಿವೆಪ್ಪ ಪತ್ರಿ ಬಿಡಿಸುತ್ತಿದ್ದವನು ತಿರುಗಿ ನೋಡಲಿಲ್ಲ.

"ಹೆಗ್ಗಣ ಎಬ್ಬಿಸ್ಯದ" ಎಂದ. "ಇರ್ಲಿ ಬಿಡು."